ಪ್ರತಿಕ್ರಿಯೆ: ಸರಣಿ ಯಾಕೆ ಮತ್ತೆ ಮತ್ತೆ 1ಕ್ಕೇ ಬರುತ್ತದೆ?

1ರಿಂದ ಶುರುಮಾಡಿ 2ನ್ನು ಕೂಡಿಸಿ, ಕಳೆದು, ಗುಣಿಸಿ, ಭಾಗಿಸಿದರೆ 1, 3, 1, 2, 1 ಅಂತ ಅಲ್ಲೇ ಗಿರಕಿ ಹೊಡೆಯುತ್ತದೆ ಅಂದಿದ್ದೀರಿ. ಅದಕ್ಕೆ ನೀವು ಬರೆದ ಕೋಡ್ (ಕಂಪ್ಯೂಟರ್ ಪ್ರೋಗ್ರಾಂ) ಸರಿಯಾಗೇ ಇದೆ. ಕೂಡಿಸಿದ್ದನ್ನು ಕಳೆಯುವುದು ಅಳಿಸುತ್ತದೆ, ಗುಣಿಸಿದ್ದನ್ನು ಭಾಗಿಸುವುದು ಅಳಿಸುತ್ತದೆ. ಮತ್ತೇನು ಉಳಿಯುತ್ತದೆ, ಅಲ್ವಾ?

ಕ್ರಮ ಸ್ವಲ್ಪ ಬದಲಿಸಿ: ಕೂಡಿಸಿ, ಗುಣಿಸಿ, ಕಳೆದು, ಭಾಗಿಸಿ. ಈಗ 1, 3, 6, 4, 2, 4, 8, 6, 3, 5, 10, 8, 4 ಅಂತ ಬರುತ್ತದೆ. ನಾಲ್ಕು ಹೆಜ್ಜೆಗೊಮ್ಮೆ ಸರಿಯಾಗಿ 1 ಜಾಸ್ತಿ! ಯಾಕೆಂದರೆ ಕೂಡಿಸಿದ 2 ಗುಣಾಕಾರದಲ್ಲಿ 4 ಆಗುತ್ತದೆ, ಕಳೆಯುವುದು ಮಾತ್ರ 2. ಉಳಿದ 2ನ್ನು ಭಾಗಿಸಿದರೆ 1. 2ರ ಬದಲು 'ಕ' ಇಟ್ಟರೆ ಪ್ರತಿ ಸುತ್ತಿಗೆ 'ಕ − 1' ಏರುತ್ತದೆ. ಹಾಗಾಗಿ ನೀವು ಕೇಳಿದ 100ನೇ ಹೆಜ್ಜೆಗೆ ಲೂಪ್ (ಒಂದೊಂದೇ ಹೆಜ್ಜೆಯನ್ನು ಮತ್ತೆ ಮತ್ತೆ ನಡೆಸುವ ಕೋಡ್) ಬೇಕಾಗಿಲ್ಲ: 2 ಇಟ್ಟಾಗ 25 ಸುತ್ತು, ಸುತ್ತಿಗೆ 1ರಂತೆ ಏರಿ ಉತ್ತರ 26.

ಭಿನ್ನರಾಶಿಯ ಭಯವೂ ಬೇಡ, ಈ ಕ್ರಮದಲ್ಲಿ ಭಾಗಾಕಾರ ಯಾವಾಗಲೂ ಶೇಷವಿಲ್ಲದೆ ಆಗುತ್ತದೆ. ಯಾವ ಹೆಜ್ಜೆಗೆ ಯಾವ ಕ್ರಿಯೆ ಅನ್ನುವುದಕ್ಕೆ ಹೆಜ್ಜೆಯ ಸಂಖ್ಯೆಯನ್ನು 4ರಿಂದ ಭಾಗಿಸಿದ ಶೇಷ ನೋಡಿದರೆ ಸಾಕು: 1 ಆದರೆ ಕೂಡಿಸಿ, 2 ಆದರೆ ಗುಣಿಸಿ, 3 ಆದರೆ ಕಳೆಯಿರಿ, 0 ಆದರೆ ಭಾಗಿಸಿ.

ಸುಮ್ನೆ ಇದನ್ನೂ ಆಡಿಸಿ ನೋಡಿ: +1, −2, ×3, ÷4. ಯಾವ ಸಂಖ್ಯೆಯಿಂದ ಶುರುಮಾಡಿದರೂ ಸುತ್ತಿನ ಕೊನೆಯ ಬೆಲೆ −3ರ ಹತ್ತಿರ ಹತ್ತಿರ ಹೋಗುತ್ತದೆ. −3ರಿಂದಲೇ ಶುರುಮಾಡಿದರೆ −2, −4, −12, ಮತ್ತೆ −3.