ಅಣ್ಣನ ಜೊತೆ ಎ.ಎ. ಸಭೆಗೆ ಹೋಗಬಹುದಾ?

ಅಣ್ಣನಿಗೆ ಕನ್ನಡದ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು) ಸಭೆ ಹುಡುಕೋದು ಹೇಗೆ, ನೀವೂ ಜೊತೆಗೆ ಹೋಗಬಹುದಾ ಎಂದು ಕೇಳಿದ್ದೀರಿ. 'ಓಪನ್' ಸಭೆಯಾದರೆ ಧಾರಾಳವಾಗಿ ಹೋಗಿ. 'ಕ್ಲೋಸ್ಡ್' ಆದರೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಮನೆಯವರಿಗೆ ಅಲ್-ಅನಾನ್ ಎಂಬ ಬೇರೆ ಗುಂಪಿದೆ. ಎ.ಎ. ವೆಬ್‌ಸೈಟಿನಲ್ಲಿ ಸಭೆಗಳ ಪಟ್ಟಿ ಇರುತ್ತದೆ, ಆದರೆ ಅದನ್ನೇ ನಂಬಿ ಹೊರಡಬೇಡಿ. ಚರ್ಚು, ಶಾಲೆಗಳ ಕೋಣೆಯಲ್ಲಿ ನಡೆಯುವ ಸಭೆಗಳಾದ್ದರಿಂದ ಜಾಗ, ಸಮಯ ಬದಲಾಗುತ್ತಿರುತ್ತವೆ. ಫೋನ್ ಮಾಡಿ, ಭಾಷೆ ಯಾವುದೆಂದೂ ಕೇಳಿಕೊಳ್ಳಿ. ಶುಲ್ಕವಿಲ್ಲ.

ಸಭೆಗಿಂತ ಮುಖ್ಯವಾದದ್ದು: ಬೆಳಿಗ್ಗೆ ಎದ್ದ ಕೂಡಲೇ ಕೈನಡುಕ ನಿಲ್ಲಲೆಂದು ಕುಡಿಯುವಷ್ಟು ಅಭ್ಯಾಸವಿದ್ದರೆ ಒಮ್ಮೆಗೇ ನಿಲ್ಲಿಸಿಬಿಡಬಾರದು. ಮೊದಲ 2 ದಿನಗಳಲ್ಲಿ ಫಿಟ್ಸ್, ಆಮೇಲೆ 4ನೇ ದಿನದವರೆಗೂ ಭ್ರಮೆ, ಗೊಂದಲ ಬರಬಹುದು, ಜೀವಕ್ಕೇ ಅಪಾಯ. ಮೊದಲು ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೋ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೋ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.