ಕಡಲಂಚಿನ ದಾರಿ: ನಡೆಯುವವರಿಗೆ, ಸೈಕಲ್ಲಿಗೆ, ಕುದುರೆಗೆ

ಪ್ರಶ್ನೆ: ಕಡಲ ತೀರದುದ್ದಕ್ಕೂ ನೂರಾರು ಕಿಲೋಮೀಟರ್ ದಾರಿ ಆಗಬೇಕು ಅಂತ ನಮ್ಮ ಗುಂಪಿನವರ ಆಸೆ. ನಡೆಯುವವರು, ಸೈಕಲ್ಲಿನವರು, ಕುದುರೆ ಸವಾರರು ಮೂವರೂ ಒಂದೇ ದಾರಿಯಲ್ಲಿ ಹೋಗಬಹುದಲ್ವಾ?

ಉತ್ತರ: ಮೂವರಿಗೂ ಜಾಗ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಡೀ ತೀರಕ್ಕೆ ಒಂದೇ ಗೆರೆ ಎಳೆಯಲು ಹೋಗಬೇಡಿ. ನಾನು ನಡೆಯುತ್ತೇನೆ, ಸೈಕಲ್ ತುಳಿಯುತ್ತೇನೆ, ಕುದುರೆ ಏರುತ್ತೇನೆ. ಮೂರಕ್ಕೂ ಬೇಕಾದ ನೆಲ ಬೇರೆ ಬೇರೆ. ಸಡಿಲ ಮರಳಿನಲ್ಲಿ ಚಕ್ರ ಹೂತುಹೋಗುತ್ತದೆ. ನುಣುಪಾದ ಡಾಂಬರಿನ ಮೇಲೆ ಲಾಳ ಜಾರುತ್ತದೆ. ಕಡಿದಾದ ಮೆಟ್ಟಿಲು ಬಂದರೆ ನಡೆಯುವವರು ಹತ್ತಿಬಿಡುತ್ತಾರೆ, ಉಳಿದಿಬ್ಬರು ಅಲ್ಲೇ ನಿಲ್ಲಬೇಕು.

ಕ್ಯಾಲಿಫೋರ್ನಿಯಾದ ಕರಾವಳಿ ದಾರಿಯ ಯೋಜನೆ ನೋಡಿ. ಸುಮಾರು 1,900 ಕಿಲೋಮೀಟರ್ ಉದ್ದ. ಅಲ್ಲಿ ಜಡೆಯ ಎಳೆಗಳ ಹಾಗೆ ದಾರಿಗಳು ಕೆಲವು ಕಡೆ ಬೇರೆಯಾಗಿ, ಕೆಲವು ಕಡೆ ಕೂಡಿಕೊಂಡು ಸಾಗಬೇಕು ಎನ್ನುವುದೇ ಮೂಲ ವಿಚಾರ. ಪೋರ್ಚುಗಲ್‌ನ ರೋಟಾ ವಿಸೆಂಟೀನಾ ಎಂಬ ದಾರಿಗಳ ಜಾಲದಲ್ಲಿ ಕಡಲಿಗೆ ಅಂಟಿಕೊಂಡ ಮೀನುಗಾರರ ದಾರಿ ನಡೆಯುವವರಿಗೆ ಮಾತ್ರ. ಒಳನಾಡಿನ ದಾರಿಯಲ್ಲಿ ಸೈಕಲ್ಲೂ ಹೋಗಬಹುದು.

ನನ್ನ ಅಭಿಪ್ರಾಯವೂ ಇದೇ. ತೀರಾ ಅಂಚನ್ನು ಕಾಲಿಗೆ ಬಿಡಿ. ಮರಳ ದಿಬ್ಬವನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರು. ಗೊರಸು, ಚಕ್ರ ಅದನ್ನು ಕಿತ್ತರೆ ಆಮೇಲೆ ಗಾಳಿ ಮರಳನ್ನು ಹೊತ್ತೊಯ್ಯುತ್ತದೆ. ನಡೆಯುವವರೂ ಜಾಸ್ತಿಯಾದರೆ ಅಲ್ಲಿ ಹಲಗೆ ಹಾಸು ಬೇಕಾಗುತ್ತದೆ.

ಹಾಗಂತ ಉಳಿದಿಬ್ಬರನ್ನು ಹೆದ್ದಾರಿ ಪಕ್ಕಕ್ಕೆ ತಳ್ಳಿ, ನಕ್ಷೆಯಲ್ಲಿ ಬಣ್ಣ ಬಳಿದು, ದಾರಿ ಆಯ್ತು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಲಾರಿಗಳ ಪಕ್ಕದಲ್ಲಿ ಕುದುರೆ ನಡೆಸಿದವರಿಗೆ ಆ ಭಯ ಗೊತ್ತು. ಒಳಗಿನ ದಾರಿ ವಾಹನಗಳಿಂದ ದೂರ ಇರಬೇಕು. ಗಟ್ಟಿಯಾಗಿ ದಮ್ಮಸು ಮಾಡಿದ ಕಲ್ಲುಪುಡಿ ಹಾಸಿದರೆ ಚಕ್ರಕ್ಕೂ ಗೊರಸಿಗೂ ಒಗ್ಗುತ್ತದೆ. ಆಗಾಗ ಸಮುದ್ರ ಕಾಣಲೇಬೇಕು. ಇಲ್ಲದಿದ್ದರೆ ಅವರು ಇಷ್ಟು ದೂರ ಯಾಕೆ ಬರಬೇಕು?

ಮೂವರೂ ಸೇರಲೇಬೇಕಾದ ಜಾಗಗಳು ಇದ್ದೇ ಇರುತ್ತವೆ. ಅಳಿವೆಯ ಸೇತುವೆ, ಗುಡ್ಡಕ್ಕೂ ನೀರಿಗೂ ನಡುವಿನ ಇಕ್ಕಟ್ಟು, ಹೀಗೆ. ಹಣ ಮೊದಲು ಅಲ್ಲಿಗೆ ಹೋಗಲಿ. 3 ಮೀಟರಾದರೂ ಅಗಲ ಇಡಿ. ಕುದುರೆ ಮೇಲೆ ಕೂತವರ ತಲೆಗೆ ಕೊಂಬೆ ತಾಗದಿರಲಿ. ಸೇತುವೆಯ ತಡೆಗೋಡೆ 1.8 ಮೀಟರ್ ಎತ್ತರ ಇದ್ದರೆ ಸವಾರರು ಧೈರ್ಯವಾಗಿ ದಾಟುತ್ತಾರೆ.

ಪ್ರಶ್ನೆ: ಹಿಂದಿನಿಂದ ಸೈಕಲ್ ಬಂದರೆ ಕುದುರೆ ಬೆಚ್ಚುತ್ತದಲ್ಲ, ಏನು ಮಾಡುವುದು?

ಉತ್ತರ: ಕುದುರೆಗೆ ತನ್ನ ನೇರ ಹಿಂದೆ ಇರುವುದು ಕಾಣುವುದಿಲ್ಲ. ಸೈಕಲ್ ಸದ್ದಿಲ್ಲದೆ ಬರುತ್ತದೆ. ಹಾಗಾಗಿ ದೂರದಿಂದಲೇ ಮಾತಾಡಿಸಿ. ‘ಹಿಂದೆ ಬರ್ತಾ ಇದ್ದೀನಿ’ ಅಂದರೆ ಸಾಕು. ಮನುಷ್ಯರ ದನಿ ಅದಕ್ಕೆ ಪರಿಚಯ. ಸವಾರರು ಒಪ್ಪಿದ ಮೇಲೆ ನಿಧಾನವಾಗಿ, ಜಾಗ ಬಿಟ್ಟು ದಾಟಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕುದುರೆ ದಾರಿಗಳಲ್ಲಿ ಸೈಕಲ್ಲಿಗೆ ಅವಕಾಶ ಕೊಟ್ಟ 1968ರ ಕಾನೂನೇ, ಸೈಕಲ್ಲಿನವರು ಉಳಿದಿಬ್ಬರಿಗೆ ದಾರಿ ಬಿಡಬೇಕು ಎನ್ನುತ್ತದೆ. ನಿಮ್ಮ ಫಲಕಗಳಲ್ಲೂ ಇದೇ ಕ್ರಮ ಬರೆಸಿ.

ಪ್ರಶ್ನೆ: ಕಡಲ್ಕೊರೆತಕ್ಕೆ ದಾರಿಯೇ ಕೊಚ್ಚಿಹೋದರೆ?

ಉತ್ತರ: ಹೋಗುತ್ತದೆ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಕಾಂಕ್ರೀಟ್ ಸುರಿದು ಅಂಚನ್ನು ಕಟ್ಟಿಹಾಕಲು ಹೊರಟರೆ ಹಣಕ್ಕೆ ಕೊನೆಯಿಲ್ಲ. ಇಂಗ್ಲೆಂಡಿನ ಕರಾವಳಿ ದಾರಿಗೆ ಆಧಾರವಾದ 2009ರ ಕಾನೂನಿನಲ್ಲಿ ಒಂದು ಒಳ್ಳೆಯ ಏರ್ಪಾಡಿದೆ. ಅಂಚು ಕುಸಿದರೆ ದಾರಿಯೂ ಅದರ ಜೊತೆ ಒಳಕ್ಕೆ ಸರಿಯಬಹುದು. ಜಮೀನಿನವರ ಜೊತೆ ಈ ಮಾತು ಮೊದಲ ದಿನವೇ ಆಗಬೇಕು. ಕುಸಿದ ಮೇಲೆ ಕೇಳಲು ಹೋದರೆ ಬೇಲಿ ಎದ್ದಿರುತ್ತದೆ. ಫ್ರಾನ್ಸ್‌ನಲ್ಲಿ 1976ರ ಕಾನೂನು ಕಡಲಂಚಿನ ಖಾಸಗಿ ಜಮೀನಿನಲ್ಲಿ 3 ಮೀಟರ್ ಪಟ್ಟಿಯನ್ನು ನಡೆಯುವವರಿಗೆ ಬಿಡಿಸಿಕೊಟ್ಟಿತು. ಕಾನೂನಿನ ಬಲವಿದ್ದರೆ ಕೆಲಸ ಸುಲಭ.

ಪ್ರಶ್ನೆ: ದನಕರು ದಾಟದಂತೆ ಬೇಲಿ ಹಾಕಿದ ಕಡೆ ಎಂಥ ಗೇಟು ಒಳ್ಳೆಯದು?

ಉತ್ತರ: ಹತ್ತಿ ದಾಟುವ ಮೆಟ್ಟಿಲು ಬೇಡವೇ ಬೇಡ. 1.5 ಮೀಟರಿಗೆ ಕಡಿಮೆಯಿಲ್ಲದ ಅಗಲದ ಗೇಟು ಇಡಿ. ಚಿಲಕದ ಹಿಡಿ ಉದ್ದವಾಗಿ ಮೇಲಕ್ಕೆ ಬಂದಿರಲಿ, ಸವಾರರು ಇಳಿಯದೆಯೇ ತೆಗೆಯಬಹುದು. ಪಕ್ಕದಲ್ಲಿ ಕುದುರೆ ಏರಲು ಒಂದು ಕಟ್ಟೆಯನ್ನೂ ಕಟ್ಟಿಸಿ.