ಸಾಲದ ಕಾರಣಕ್ಕೆ ಆಶ್ರಯ ಸಿಗುತ್ತದೆಯೇ?

ಪ್ರಶ್ನೆ: ವಿಸಿಟರ್ ವೀಸಾದಲ್ಲಿ ಆಸ್ಟ್ರೇಲಿಯಾಕ್ಕೆ ಹೋದ ನನ್ನ ತಮ್ಮ ಅಲ್ಲೇ ಪ್ರೊಟೆಕ್ಷನ್ ವೀಸಾಕ್ಕೆ (ಆಶ್ರಯ ಕೋರಿದವರಿಗೆ ಕೊಡುವ ವೀಸಾ) ಅರ್ಜಿ ಹಾಕಿದ. ಎಲೆಚುಕ್ಕೆ ರೋಗದಿಂದ ಅಡಿಕೆ ಫಸಲು ಹೋಗಿದೆ, ಸೊಸೈಟಿ ಸಾಲದ ಮೇಲೆ ಕೈಸಾಲವೂ ಏರಿದೆ, ಊರಿಗೆ ಬಂದರೆ ಬದುಕಲಾರೆ ಎಂದು ಬರೆದಿದ್ದ. ಅರ್ಜಿ ತಿರಸ್ಕಾರವಾಗಿದೆ ಎಂದು ಈಗ ಇಮೇಲ್ ಬಂದಿದೆ. ಟ್ರಿಬ್ಯೂನಲ್‌ಗೆ ಹೋದರೆ ಪ್ರಯೋಜನವಿದೆಯೇ?
– ಓದುಗರೊಬ್ಬರು, ಹೊಸನಗರ ತಾಲೂಕು

ಉತ್ತರ: ಮೊದಲು ಆ ಇಮೇಲಿನ ತಾರೀಖು ನೋಡಿ. ಮೇಲ್ಮನವಿಗೆ ಇರುವುದು 28 ದಿನ. ಬಂಧನದಲ್ಲಿದ್ದವರಿಗೆ 7 ದಿನ ಮಾತ್ರ. ಇಮೇಲ್ ತೆರೆಯದಿದ್ದರೂ ಕಳಿಸಿದ ದಿನವೇ ತಲುಪಿತು ಎಂದು ಲೆಕ್ಕ. ಒಂದು ದಿನ ತಪ್ಪಿದರೂ ಅವಧಿ ವಿಸ್ತರಿಸುವ ಅಧಿಕಾರ ಟ್ರಿಬ್ಯೂನಲ್‌ಗೆ ಇಲ್ಲ. 2024ರ ಅಕ್ಟೋಬರ್ 14ರಿಂದ ಇಂಥ ಮೇಲ್ಮನವಿ ಕೇಳುವ ಕೆಲಸ ಅಡ್ಮಿನಿಸ್ಟ್ರೇಟಿವ್ ರಿವ್ಯೂ ಟ್ರಿಬ್ಯೂನಲ್‌ನದು. ಅರ್ಜಿಯ ಜೊತೆ ಶುಲ್ಕ ಕಟ್ಟಬೇಕಿಲ್ಲ, ಸೋತರೆ ಕಟ್ಟಬೇಕು. ಅದು ಎರಡು ಸಾವಿರ ಡಾಲರ್ ದಾಟುತ್ತದೆ.

ಟ್ರಿಬ್ಯೂನಲ್ ಇಡೀ ವಿಷಯವನ್ನು ಹೊಸದಾಗಿ ವಿಚಾರಿಸುತ್ತದೆ. ಆದರೆ ಸಾಲ ಎಷ್ಟಿದೆ ಎಂಬುದು ಅಲ್ಲಿ ಮುಖ್ಯ ಪ್ರಶ್ನೆಯಲ್ಲ. ಯಾರು ತೊಂದರೆ ಕೊಡುತ್ತಿದ್ದಾರೆ, ಯಾವ ಕಾರಣಕ್ಕೆ ಎಂದು ಕೇಳುತ್ತಾರೆ. ಅಲ್ಲಿನ ವಲಸೆ ಕಾಯ್ದೆಯ 5ಜೆ ಸೆಕ್ಷನ್, ಜೀವನವೇ ನಡೆಯದಷ್ಟು ಆರ್ಥಿಕ ಸಂಕಷ್ಟವನ್ನೂ ಗಂಭೀರ ಹಾನಿ ಎಂದು ಒಪ್ಪುತ್ತದೆ. ಅಷ್ಟನ್ನೇ ಓದಿ ಹಲವರು ಆಸೆ ಇಟ್ಟುಕೊಳ್ಳುತ್ತಾರೆ. ಆ ಸಂಕಷ್ಟ ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ಒಂದು ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿದ ಕಾರಣಕ್ಕೆ ಬಂದಿರಬೇಕು, ದೇಶದ ಎಲ್ಲ ಕಡೆಯೂ ಆ ಅಪಾಯ ಇರಬೇಕು ಎಂದು ಅದೇ ಸೆಕ್ಷನ್ ಹೇಳುತ್ತದೆ. ಎಲೆಚುಕ್ಕೆ ಯಾರ ತೋಟವನ್ನೂ ಜಾತಿ ನೋಡಿ ಹಿಡಿಯುವುದಿಲ್ಲ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕೆಲಸ ಮಾಡಬಹುದಲ್ಲ ಎಂಬ ಪ್ರಶ್ನೆಯೂ ಖಂಡಿತ ಬರುತ್ತದೆ.

ಊರಿಗೆ ಕಳಿಸಿದರೆ ಕ್ರೂರವಾಗಿ ನಡೆಸಿಕೊಳ್ಳುವಂಥ ದೊಡ್ಡ ಹಾನಿಯ ಅಪಾಯ ಇರುವವರಿಗೆ ಪೂರಕ ರಕ್ಷಣೆ ಎಂಬ ಇನ್ನೊಂದು ದಾರಿ ಇದೆ. ಅಲ್ಲಿ ಈ ಐದು ಕಾರಣ ಬೇಡ, ಆದರೆ ಕ್ರೂರವಾಗಿ ನಡೆಸಿಕೊಂಡರು ಎನ್ನಲು ಯಾರೋ ಉದ್ದೇಶಪೂರ್ವಕವಾಗಿ ಹಾನಿ ಮಾಡಬೇಕು. ಬರಿಯ ಬಡತನ ಅದರಲ್ಲಿ ಬರುವುದಿಲ್ಲ. ಕೈಸಾಲ ಕೊಟ್ಟವರು ಹೊಡೆಯುವ ಬೆದರಿಕೆ ಹಾಕಿದ್ದರೆ ಕಥೆ ಬೇರೆ: ಬೆದರಿಕೆಯ ಸಂದೇಶ, ಪೊಲೀಸ್ ದೂರಿನ ಪ್ರತಿ, ಕಂಡವರ ಹೇಳಿಕೆ, ಎಲ್ಲದರ ಇಂಗ್ಲಿಷ್ ಅನುವಾದ ಬೇಕು. ಪೊಲೀಸರು ಯಾಕೆ ಕಾಪಾಡುವುದಿಲ್ಲ ಎಂಬುದಕ್ಕೂ ಉತ್ತರ ಬೇಕು. ಬಲವಂತದ ವಸೂಲಿಯ ವಿರುದ್ಧ ಕರ್ನಾಟಕ 2025ರಲ್ಲಿ ಕಾನೂನು ತಂದಿರುವಾಗ ಇದು ಸುಲಭದ ಉತ್ತರವಲ್ಲ. ಮೊದಲ ಅರ್ಜಿಯಲ್ಲಿ ಇಲ್ಲದ ವಿಷಯವನ್ನು ಈಗ ಹೇಳಿದರೆ, ಆಗ ಯಾಕೆ ಬಿಟ್ಟಿರಿ ಎನ್ನುತ್ತಾರೆ. ಸಕಾರಣ ಇಲ್ಲದಿದ್ದರೆ ಉಳಿದ ಮಾತಿನ ಮೇಲಿನ ನಂಬಿಕೆಯೂ ಹೋಗುತ್ತದೆ. ಜಾತಿ ಬಹಿಷ್ಕಾರದಂಥ ಸತ್ಯ ಸಂಗತಿ ಇದ್ದರೆ ಧೈರ್ಯವಾಗಿ ಹೇಳಲಿ. ಇಲ್ಲದ್ದನ್ನು ಕಟ್ಟುವುದು ಬೇಡವೇ ಬೇಡ.

ವಿಚಾರಣೆಗೆ ಕನ್ನಡ ದುಭಾಷಿ ಬೇಕೆಂದು ಮೊದಲೇ ಬರೆದು ಕೇಳಬೇಕು, ಅದಕ್ಕೆ ಹಣವಿಲ್ಲ. ಅಲ್ಲಿನ ವಲಸೆ ಏಜೆಂಟರಿಗೆ ಏಳು ಅಂಕಿಯ ನೋಂದಣಿ ಸಂಖ್ಯೆ ಇರುತ್ತದೆ. ಸರ್ಕಾರಿ ಪಟ್ಟಿಯಲ್ಲಿ ಹೆಸರು ನೋಡದೆ ದುಡ್ಡು ಕೊಡಬೇಡಿ.

ನೀವು ಬರೆದಷ್ಟೇ ವಿಷಯವಾದರೆ ಗೆಲ್ಲುವುದು ಬಹಳ ಕಷ್ಟ. ಸೋತ ಮೇಲೆ 35 ದಿನದೊಳಗೆ ಕೋರ್ಟಿಗೆ ಹೋಗಬಹುದು, ಆದರೆ ಅದು ಕಾನೂನಿನ ತಪ್ಪನ್ನು ಮಾತ್ರ ನೋಡುತ್ತದೆ. ಅಲ್ಲಿದ್ದುಕೊಂಡು ಇನ್ನೊಮ್ಮೆ ಪ್ರೊಟೆಕ್ಷನ್ ಅರ್ಜಿ ಹಾಕಲು ಸಾಮಾನ್ಯವಾಗಿ ಬಿಡುವುದಿಲ್ಲ. ವೀಸಾ ಮುಗಿದು 28 ದಿನಕ್ಕಿಂತ ಹೆಚ್ಚು ಉಳಿದು ಹೊರಟರೆ ಮುಂದಿನ 3 ವರ್ಷ ತಾತ್ಕಾಲಿಕ ವೀಸಾಕ್ಕೂ ತೊಡಕು. ವಿಸಿಟರ್ ವೀಸಾ ಮುಗಿಯುವ ಮೊದಲೇ ಅರ್ಜಿ ಹಾಕಿ ಪಡೆದ ಬ್ರಿಡ್ಜಿಂಗ್ ವೀಸಾ (ತೀರ್ಮಾನವಾಗುವ ತನಕ ಅಲ್ಲಿರಲು ಕೊಡುವ ತಾತ್ಕಾಲಿಕ ವೀಸಾ) ಇರುವಾಗಲೇ ತಾವಾಗಿ ಹೊರಟು ಬಂದರೆ ಆ ತೊಡಕು ಸಾಮಾನ್ಯವಾಗಿ ತಪ್ಪುತ್ತದೆ. ಅಷ್ಟರಲ್ಲಿ ನೀವು ಇಲ್ಲಿ ಸೊಸೈಟಿಗೆ ಹೋಗಿ ಸಾಲದ ಕಂತು ಮರುಹೊಂದಿಸಲು ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದಿಟ್ಟುಕೊಳ್ಳಿ.